ಎಂಡೋಸ್ಕೋಪಿಗೆ ಹೋಗುವ ಮುನ್ನ

ಘತ್ತರಗಿಯಿಂದ ಬೆಳಗಿನ ಬಸ್ಸು ಹಿಡಿದು ಕಲಬುರಗಿಗೆ ಎಂಡೋಸ್ಕೋಪಿಗೆ ಹೋದವರು ತಪಾಸಣೆಯಾಗದೆ ಹಿಂದಿರುಗಲು ಒಂದು ಕಪ್ ಹಾಲಿನ ಚಹಾ ಸಾಕು. ಜಠರದಲ್ಲಿ ಏನಾದರೂ ಉಳಿದಿದ್ದರೆ ಒಳಗಿನ ಹುಣ್ಣು ಸರಿಯಾಗಿ ಕಾಣುವುದಿಲ್ಲ. ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಆದ್ದರಿಂದ ರಾತ್ರಿ ಹಗುರವಾಗಿ ಊಟ ಮಾಡಿ, ಆಮೇಲೆ ಏನೂ ತಿನ್ನಬೇಡಿ. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು, ಬಿಪಿ ಗುಳಿಗೆ ನುಂಗಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಇದು ರೋಝಾ ಅಲ್ಲ, ಸಹರಿ ಮಾಡಿ ಹೋಗುವಂತಿಲ್ಲ.

"ಪೈಪು ಹಾಕುತ್ತಾರಂತೆ, ಉಸಿರು ಕಟ್ಟುತ್ತದಂತೆ" ಎಂಬ ಹೆದರಿಕೆಯೇ ಬಹಳ ಜನರನ್ನು ಮನೆಯಲ್ಲಿ ಕೂರಿಸುತ್ತದೆ. ಕೊಳವೆ ಹೋಗುವುದು ಅನ್ನನಾಳದಲ್ಲಿ. ಉಸಿರಿನ ದಾರಿ ಬೇರೆ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿ, ಎಡ ಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಒಂದು ಬಿರಡೆ ಇಡುತ್ತಾರೆ. ಓಕರಿಕೆ ಬರುವುದು ನಿಜ. ಮೂಗಿನಿಂದ ನಿಧಾನವಾಗಿ ಉಸಿರಾಡಿದರೆ ಅದು ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷದ ಕೆಲಸ. ಪರೀಕ್ಷೆಗೆ ಒಳಗಿನಿಂದ ಚೂರು ತೆಗೆದರೂ ಸಾಮಾನ್ಯವಾಗಿ ನೋವು ಗೊತ್ತಾಗುವುದಿಲ್ಲ. ಗಂಟಲಿನ ಮರಗಟ್ಟುವಿಕೆ ಹೋಗುವವರೆಗೆ ನೀರೂ ಬೇಡ. ಮಂಪರಿನ ಚುಚ್ಚುಮದ್ದು ಕೊಟ್ಟಿದ್ದರೆ ಆ ದಿನ ಬೈಕ್ ಓಡಿಸಬಾರದು, ಜೊತೆಗೆ ಒಬ್ಬರು ಇರಲೇಬೇಕು. ಕಟ್ಟಿಸಿದ ಹಲ್ಲು, ನತ್ತು ಮನೆಯಲ್ಲೇ ತೆಗೆದಿಟ್ಟು ಬನ್ನಿ. ಮಹಿಳೆಯರು ತಮ್ಮೊಂದಿಗೆ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳಬಹುದು, ಅದರಲ್ಲಿ ಸಂಕೋಚವೇನಿಲ್ಲ.

ವೈದ್ಯರಿಗೆ ಮರೆಯದೆ ಹೇಳಬೇಕಾದ ವಿಷಯಗಳಿವೆ: ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಔಷಧ, ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಗುಳಿಗೆ. ಈ ಕೊನೆಯದನ್ನು ನಮ್ಮ ಹಿರಿಯರು ಔಷಧವೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಠರದ ಹುಣ್ಣಿಗೆ ಅದೇ ದೊಡ್ಡ ಕಾರಣಗಳಲ್ಲೊಂದು. ಡಾಂಬರಿನಂತೆ ಕಪ್ಪಗೆ ಮಲ ಹೋದರೆ, ರಕ್ತ ವಾಂತಿಯಾದರೆ ಗ್ಯಾಸಿನ ಗುಳಿಗೆ ನುಂಗುತ್ತಾ ದಿನ ಕಳೆಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ನುಂಗಲು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕೂಡ ತಡ ಮಾಡಬೇಡಿ. (ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನೂ ತಿಳಿಸಿ.)

ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿಗೆ ಮುನ್ನ ಭೇದಿಯ ಔಷಧ ಕುಡಿಯಬೇಕಾಗುತ್ತದೆ. ಪರೀಕ್ಷೆಗಿಂತ ಆ ಔಷಧವೇ ಕಷ್ಟ ಎನ್ನುವವರಿದ್ದಾರೆ.

ಯಕೃತ್ತಿನ ತಪಾಸಣೆ ಹೆಚ್ಚಾಗಿ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದ ಶುರುವಾಗುತ್ತದೆ. ಸ್ಕ್ಯಾನಿಂಗ್‌ಗೂ ಖಾಲಿ ಹೊಟ್ಟೆ ಬೇಕು, ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ಕಲ್ಲು ಕಾಣದೇ ಹೋಗಬಹುದು. ಕಾಮಾಲೆಗೆ ನಾಟಿ ಔಷಧ ಹಾಕಿಸುವ ಮೊದಲು ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಿಲ್ಲ.

ರಮಝಾನ್‌ನಲ್ಲಿ ದಿನ ಕೊಟ್ಟರೆ, ಈದ್ ನಂತರಕ್ಕೆ ಮುಂದೂಡಬಹುದೇ ಎಂದು ವೈದ್ಯರನ್ನೇ ಕೇಳಿ. ಬೇಡವೆಂದರೆ ಹೋಗಿಬಿಡಿ. ರೋಗಿಗೆ ರಿಯಾಯಿತಿ ಇದೆ, ಬಿಟ್ಟ ರೋಝಾವನ್ನು ಆಮೇಲೆ ಕಝಾ ಮಾಡಬಹುದು.