ಮಿಶ್ರತಳಿಯ ನಾಯಿ ಮತ್ತು ಮನೆಯವರ ಆರೋಗ್ಯ

ನಾಯಿಮರಿಯನ್ನು ಮನೆಗೆ ತರಬೇಕೆನ್ನುವವರು ಮೊದಲು ವಿಚಾರಿಸುವುದು ಅದರ ತಳಿಯನ್ನು. ಮುಧೋಳಕ್ಕೂ ಬೀದಿಯ ನಾಯಿಗೂ, ಅಥವಾ ಲ್ಯಾಬ್ರಡಾರಿಗೂ ನಾಡನಾಯಿಗೂ ಹುಟ್ಟಿದ ಮರಿಯೆಂದರೆ ‘ಕಂತ್ರಿ’ ಎಂದು ತಾತ್ಸಾರ ಮಾಡುವ ರೂಢಿ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಈ ತಾತ್ಸಾರಕ್ಕೆ ಆಧಾರವಿಲ್ಲ. ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಕಲೆಹಾಕಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಯಿ ನಾಯಿಗಳ ನಡುವಣ ಸ್ವಭಾವಭೇದದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ. ಉಳಿದುದರಲ್ಲಿ ಸಾಕುವವರ ಕೈಯೂ ದೊಡ್ಡದಾಗಿಯೇ ಇದೆ.

ಆ ಕೈ ಮುಖ್ಯವಾಗಿ ಕೆಲಸ ಮಾಡುವುದು ಮರಿಯ 3ನೆಯ ವಾರದಿಂದ 14ನೆಯ ವಾರದವರೆಗೆ. ಈ ಅವಧಿಯಲ್ಲಿ ಮರಿಯು ಕಂಡು ಕೇಳಿ ರೂಢಿಯಾದುದನ್ನು ಮುಂದೆ ಸಹಜವೆಂದು ಎಣಿಸುತ್ತದೆ. ಕಾಣದೆ ಉಳಿದುದಕ್ಕೆ ದೊಡ್ಡದಾದ ಮೇಲೂ ಬೆದರುತ್ತದೆ. ಬೆದರಿದ ನಾಯಿಯೇ ಹೆಚ್ಚಾಗಿ ಕಚ್ಚುವುದು. ಆದಕಾರಣ ಕುಕ್ಕರಿನ ಸೀಟಿ, ಪೂಜೆಯ ಗಂಟೆ, ಕೊಡೆ, ಊರುಗೋಲು ಹಿಡಿದ ಅಜ್ಜ, ಶಾಲೆಯ ಮಕ್ಕಳು, ಅಂಚೆಯವನು ಇವೆಲ್ಲವನ್ನೂ ಈ ದಿನಗಳಲ್ಲೇ ಮೆಲ್ಲನೆ ಪರಿಚಯ ಮಾಡಿಸಬೇಕು. ಲಸಿಕೆಗಳು ಪೂರ್ಣವಾಗುವವರೆಗೆ ಬೀದಿಯ ನೆಲದ ಮೇಲೆ ಬಿಡದೆ ಎತ್ತಿಕೊಂಡು ಹೋಗಿ ತೋರಿಸುವುದು ಲೇಸು; ಪಾರ್ವೊ ಎಂಬ ಮಾರಕ ಭೇದಿರೋಗದ ಸೋಂಕು ನೆಲದಲ್ಲಿ ಬಹುಕಾಲ ಉಳಿಯುತ್ತದೆ. 8 ವಾರಕ್ಕೆ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಅದು ಕಲಿಯುವುದು ಒಡಹುಟ್ಟಿದವರೊಡನೆ ಆಡುವಾಗ.

ಕಲಿಸುವ ಕ್ರಮ ಕಠಿಣವಲ್ಲ, ಆದರೆ ಮನೆಯವರೆಲ್ಲರೂ ಒಂದಾಗಿ ನಡೆಯಬೇಕು. ಯಜಮಾನರು ‘ಕೂತ್ಕೋ’ ಎಂದು, ಮಗಳು ‘ಸಿಟ್’ ಎಂದು, ಅಜ್ಜಿ ‘ಸುಮ್ಮನಿರು’ ಎಂದು ಹೇಳುತ್ತಿದ್ದರೆ ಪಾಪ ಆ ಪ್ರಾಣಿ ಯಾರ ಮಾತನ್ನು ಕೇಳಬೇಕು? ಒಂದು ಕೆಲಸಕ್ಕೆ ಒಂದೇ ಪದ. ಹೇಳಿದಂತೆ ಮಾಡಿದರೆ ಒಂದೆರಡು ಕ್ಷಣದೊಳಗೆ ಒಂದು ತುಣುಕು ತಿನಿಸು ಕೊಡಬೇಕು. ತಡವಾದರೆ ಯಾವುದಕ್ಕೆ ದೊರೆಯಿತೆಂದು ಅದಕ್ಕೆ ತಿಳಿಯದು. ನಿದ್ರೆಯಿಂದ ಎದ್ದೊಡನೆ, ಉಂಡೊಡನೆ, ಆಡಿದ ಮೇಲೆ ಹಿತ್ತಲಿನ ಒಂದೇ ಜಾಗಕ್ಕೆ ಕರೆದೊಯ್ದರೆ ಕೆಲವೇ ವಾರಗಳಲ್ಲಿ ಮನೆಯೊಳಗೆ ಹೊಲಸು ಮಾಡುವುದನ್ನು ಬಿಡುತ್ತದೆ. ಮಾಡಿದ ಹೊಲಸಿಗೆ ಮೂತಿ ಒರೆಸಿ ಹೊಡೆಯುವ ಹಳೆಯ ಪದ್ಧತಿಯಿಂದ ಅದು ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಮಾಡುವುದನ್ನು ಮಾತ್ರ.

ಗುರುಗುಟ್ಟಿದ್ದಕ್ಕೆ ಹೊಡೆಯುವುದಂತೂ ಅಪಾಯಕರ. ಗುರುಗುಟ್ಟುವುದೆಂದರೆ ‘ದೂರವಿರು’ ಎಂಬ ಎಚ್ಚರಿಕೆ. ಅದನ್ನು ಬಡಿದು ಅಡಗಿಸಿದರೆ ಮುಂದೊಮ್ಮೆ ನಾಯಿ ಸದ್ದಿಲ್ಲದೆ ಕಚ್ಚುತ್ತದೆ. ಉಣ್ಣುವಾಗ, ಮಲಗಿರುವಾಗ, ಮರಿ ಹಾಕಿರುವಾಗ ಮಕ್ಕಳು ಅದನ್ನು ಮುಟ್ಟಬಾರದು. ಬಾಲವಾಡಿಸುವುದೆಲ್ಲ ಪ್ರೀತಿಯ ಗುರುತಲ್ಲವೆಂಬುದನ್ನೂ ಅವರಿಗೆ ಹೇಳಿಕೊಡಬೇಕು. ಚಿಕ್ಕ ಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡತಕ್ಕದ್ದಲ್ಲ. ಅದು ಎಷ್ಟೇ ಸಾಧುವಾಗಿರಲಿ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಸಿಡುಕಾಗುವುದು ಸಹಜ. ಮುಧೋಳದ ರಕ್ತವಿರುವ ನಾಯಿಗಂತೂ ದಿನವೂ ಓಟ ಬೇಕೇ ಬೇಕು.

ಆಹಾರದ ವಿಷಯ. ಶಾಕಾಹಾರದ ಮನೆಯಲ್ಲಿ ನಾಯಿ ಬದುಕಬಲ್ಲುದು, ಆದರೆ ಬರಿಯ ಅನ್ನ, ಮುದ್ದೆ, ಮಜ್ಜಿಗೆಗಳಿಂದ ಅದರ ಮೈ ತುಂಬದು. ಚೆನ್ನಾಗಿ ಬೆಂದ ಬೇಳೆಕಾಳುಗಳನ್ನು ಧಾರಾಳವಾಗಿ ಸೇರಿಸಿ, ಇನ್ನೇನು ಬೇಕೆಂದು ಪಶುವೈದ್ಯರನ್ನು ಕೇಳಬೇಕು. ದೊಡ್ಡ ನಾಯಿಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದು. ಹಬ್ಬದ ದಿನ ಪ್ರೀತಿಯಿಂದ ಪಾಯಸ, ಶಿರಾ ಹಾಕುವವರು ಒಂದನ್ನು ನೆನಪಿಡಬೇಕು: ದ್ರಾಕ್ಷಿ, ಒಣದ್ರಾಕ್ಷಿಗಳಿಂದ ನಾಯಿಯ ಮೂತ್ರಪಿಂಡ ಕೆಡಬಹುದು. ಈರುಳ್ಳಿ, ಬೆಳ್ಳುಳ್ಳಿಗಳು ಅದರ ರಕ್ತಕಣಗಳನ್ನು ನಾಶಮಾಡುತ್ತವೆ. ಚಾಕೊಲೇಟು ವಿಷ. ಉಣುಗಿಗೆಂದು ಕರ್ಪೂರದ ಎಣ್ಣೆ ಹಚ್ಚುವುದೂ ಬೇಡ; ನೆಕ್ಕಿದರೆ ಹಾನಿ. ನಮಗೆ ಹಿತವಾದ ಮೂಲಿಕೆಗಳೆಲ್ಲ ಪ್ರಾಣಿಗಳಿಗೂ ಹಿತವೆಂದು ಭಾವಿಸಬಾರದು.

ಇನ್ನು ಹುಚ್ಚುನಾಯಿರೋಗ, ಅಂದರೆ ರೇಬೀಸ್. ಮರಿಗೆ 3 ತಿಂಗಳು ತುಂಬಿದಾಗ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮತ್ತೆ ಹಾಕಿಸಬೇಕು. ಜಂತುನಾಶಕವನ್ನೂ ಅವರ ಸಲಹೆಯಂತೆ ಕೊಡಬೇಕು. ಮಲದಲ್ಲಿರುವ ಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆ ಸೇರುತ್ತವೆ.

ನಾಯಿ ಕಚ್ಚಿದವರು ನಾಟಿ ಔಷಧಕ್ಕೆಂದು ನಮ್ಮಲ್ಲಿಗೆ ಬರುವುದುಂಟು. ನಾವು ಅವರಿಗೆ ಔಷಧ ಕೊಡುವುದಿಲ್ಲ, ಆಸ್ಪತ್ರೆಗೆ ಕಳುಹಿಸುತ್ತೇವೆ. ಸುಶ್ರುತಸಂಹಿತೆಯ ಕಲ್ಪಸ್ಥಾನವೇ, ಹುಚ್ಚುನಾಯಿ ಕಚ್ಚಿದವನಿಗೆ ನೀರಿನ ಭಯ ಬಂದ ಮೇಲೆ ಉಳಿಗಾಲವಿಲ್ಲವೆಂದು ಹೇಳಿದೆ. ಇಂದಿಗೂ ಲಕ್ಷಣ ಕಾಣಿಸಿಕೊಂಡ ಬಳಿಕ ಈ ರೋಗ ಬಹುತೇಕ ಮರಣವೇ. ಆದರೆ 1885ರಲ್ಲಿ ಲೂಯಿ ಪಾಶ್ಚರ್ ಲಸಿಕೆ ಪ್ರಯೋಗಿಸಿದಂದಿನಿಂದ ಲಕ್ಷಣ ಬರುವ ಮುನ್ನ ತಡೆಯುವ ದಾರಿ ನಮ್ಮ ಕೈಯಲ್ಲಿದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಒಡನೆಯೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಬೇಕು. ರಕ್ತ ಬಂದಿದ್ದರೆ ಗಾಯದೊಳಕ್ಕೇ ಕೊಡುವ ಇಮ್ಯುನೊಗ್ಲೋಬ್ಯುಲಿನ್ ಎಂಬ ಇನ್ನೊಂದು ಮದ್ದೂ ಬೇಕಾಗುತ್ತದೆ, ವೈದ್ಯರನ್ನು ಕೇಳಿರಿ. ಸಾಕಿದ ನಾಯಿಯಾದರೆ 10 ದಿನ ಗಮನಿಸುವ ಕ್ರಮವಿದೆ, ಆದರೆ ಆ ದಿನಗಳು ಮುಗಿಯಲೆಂದು ಚುಚ್ಚುಮದ್ದನ್ನು ಮುಂದೂಡಬಾರದು. ಹೇಳಿದ ದಿನಗಳಂದು ಎಲ್ಲ ಸುತ್ತುಗಳನ್ನೂ ಪೂರೈಸಬೇಕು. ಗಾಯ ಮಾಯಿತೆಂದು ನಡುವೆ ಬಿಡುವವರೂ ಇದ್ದಾರೆ. ನಾಯಿಯ ಲಸಿಕೆಯ ಚೀಟಿಯನ್ನು ಮನೆಯ ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳಿರಿ. ಬೇಕಾದಾಗ ಹುಡುಕಾಡುವ ಪ್ರಸಂಗ ಬಾರದು.