ನೀತಿ ಪಾಠದ ಪೀರಿಯಡ್ಡಿನಲ್ಲಿ ದೇವರಗಟ್ಟು

ಆದೋನಿ ಸೀಮೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಹೇಳುತ್ತೇನೆ. ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆಂಧ್ರ ರಾಜ್ಯವಾದಾಗ ಇತ್ತ ಸೇರಿದವು. ಕೌತಾಳಂ, ಕೋಸಿಗಿ, ಹೊಳಗುಂದ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮಾತು.

ನೀತಿ ಪಾಠಕ್ಕೆ ಅಂಕವಿಲ್ಲ, ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ಹಾಗಾಗಿ ಆ ಪೀರಿಯಡ್ಡು ಗಣಿತಕ್ಕೆ ಹೋಗಿಬಿಡುತ್ತದೆ. ನಾನು ಮಾತ್ರ ಬಿಟ್ಟುಕೊಡುವುದಿಲ್ಲ. 2024ರಲ್ಲಿ ಆಂಧ್ರ ಸರ್ಕಾರ ಪ್ರವಚನಕಾರ ಚಾಗಂಟಿ ಕೋಟೇಶ್ವರ ರಾವ್ ಅವರನ್ನು ವಿದ್ಯಾರ್ಥಿಗಳ ನೈತಿಕ ಮೌಲ್ಯಗಳ ಸಲಹೆಗಾರರನ್ನಾಗಿ ನೇಮಿಸಿದ ಮೇಲೆ, ಶಾಲೆಯಲ್ಲಿ ಧರ್ಮದ ಮಾತು ಆಡಬಹುದೇ ಎಂದು ಪಾಲಕರೂ ಕೇಳತೊಡಗಿದ್ದಾರೆ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಆದರೆ ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ, ಅದಕ್ಕೆ ಅಡ್ಡಿಯಿಲ್ಲ ಎಂದು 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ಪಾಠವೆಲ್ಲ ಈ ಗೆರೆಯ ಒಳಗೇ ನಡೆಯುತ್ತದೆ.

ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ಸೀಮೆಯಲ್ಲೇ ಉಂಟು. ಆದೋನಿಯ ಜಾಮಿಯಾ ಮಸೀದಿ ಕಟ್ಟಿಸಿದವನು ಬಿಜಾಪುರದ ಪರವಾಗಿ ಇಲ್ಲಿ ಆಳುತ್ತಿದ್ದ ಸಿದ್ದಿ ಮಸೂದ್ ಖಾನ್. 1671ರಲ್ಲಿ ರಾಘವೇಂದ್ರ ರಾಯರು ವೃಂದಾವನಸ್ಥರಾದ ಮಂಚಾಲೆ, ಅಂದರೆ ಇಂದಿನ ಮಂತ್ರಾಲಯ, ಮಠಕ್ಕೆ ಬಂದದ್ದೂ ಅವನಿಂದಲೇ ಎನ್ನುತ್ತಾರೆ. ಈ ನವಾಬ ರಾಯರ ಮುಂದೆ ಬಟ್ಟೆ ಮುಚ್ಚಿ ತಂದಿಟ್ಟ ಮಾಂಸ ಹಣ್ಣಾಯಿತೆಂಬ ಕತೆ ಮಕ್ಕಳ ಬಾಯಲ್ಲೇ ಇದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ, ಸಾಧಿಸಲೂ ಹೋಗುವುದಿಲ್ಲ. ಭಕ್ತರು ಹೀಗೆ ನಂಬುತ್ತಾರೆ ಎಂದು ಬೋರ್ಡಿನ ಒಂದು ಬದಿಗೆ ಬರೆಯುತ್ತೇನೆ, ಚರಿತ್ರೆಯಿಂದ ತಿಳಿದದ್ದನ್ನು ಇನ್ನೊಂದು ಬದಿಗೆ.

ದೇವರಗಟ್ಟಿನ ವಿಷಯ ಬಂದಾಗ ಬೋರ್ಡು ಸಾಲುವುದಿಲ್ಲ. ಹೊಳಗುಂದ ಮಂಡಲದ ಆ ಗುಡ್ಡದಲ್ಲಿ ವಿಜಯದಶಮಿಯ ನಡುರಾತ್ರಿ ಮಾಳ ಮಲ್ಲೇಶ್ವರನ ಕಲ್ಯಾಣವಾಗಿ ಉತ್ಸವಮೂರ್ತಿ ಕೆಳಗಿಳಿಯುತ್ತದೆ. ನೆರಣಿಕಿ, ನೆರಣಿಕಿ ತಾಂಡಾ, ಕೊತ್ತಪೇಟೆಯವರು ಮೂರ್ತಿ ಕಾಯುತ್ತಾರೆ, ಬೇರೆ ಊರವರು ಕಸಿಯಲು ನುಗ್ಗುತ್ತಾರೆ. ಪಂಜಿನ ಬೆಳಕಿನಲ್ಲಿ ಬಡಿಗೆಗಳ ಬಡಿದಾಟ. ಪೊಲೀಸರು ಎಷ್ಟು ಕಟ್ಟುನಿಟ್ಟು ಮಾಡಿದರೂ ವರ್ಷವರ್ಷವೂ ತಲೆ ಒಡೆಯುತ್ತವೆ. ಒಂದು ದಸರಾ ರಜೆ ಮುಗಿದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ, ತನ್ನಣ್ಣನ ತಲೆಗೆ ಹೊಲಿಗೆ ಹಾಕಿದ್ದಾರೆಂದು ಹೆಮ್ಮೆಯಿಂದ ಹೇಳಿದ.

"ದೇವರ ಕೆಲಸದಾಗ ಬಿದ್ದ ಪೆಟ್ಟು ನೋಯಂಗಿಲ್ಲಂತ ಸಾರ್, ನಮ್ಮಪ್ಪ ಹೇಳ್ತಾನ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: "ನಿಮ್ಮವ್ವ ಏನಂತಾಳ?"

ಅವನು ತುಸು ಹೊತ್ತು ತಡೆದು, "ಅವ್ವ ಆ ರಾತ್ರಿ ಮಲಗಂಗಿಲ್ಲ" ಅಂದ.

ನಾನು ತೀರ್ಪು ಕೊಡಲಿಲ್ಲ. ಪೆಟ್ಟಿಲ್ಲದೆ ಈ ಹಬ್ಬ ಮಾಡಬಹುದೇ, ಹಾಗೆ ಮಾಡಿದರೆ ಅದು ನಮ್ಮ ಹಬ್ಬವಾಗಿ ಉಳಿಯುತ್ತದೆಯೇ ಎಂದು ಮಕ್ಕಳೇ ವಾದಿಸಿದರು. ಬಡಿಗೆ ಎತ್ತಿ ಕುಣಿಯಲಿ, ಬಡಿಯುವುದು ಬೇಡ ಎಂದರು ಕೆಲವರು. ಅಜ್ಜನ ಕಾಲದ್ದನ್ನು ಬಿಡಬಾರದೆಂದರು ಇನ್ನು ಕೆಲವರು. ನೀತಿ ಬೋಧನೆಯೆಂದರೆ ನನಗೆ ಇದೇ. ಸುಳ್ಳಾಡಬಾರದು ಎಂದು ನೂರು ಸಲ ಬರೆಸಿದರೆ ಅಕ್ಷರ ದುಂಡಗಾದೀತು ಅಷ್ಟೆ.

ಮಕ್ಕಳಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಸುಗ್ಗಿಯದು. ಮಳೆ ಕೈಕೊಟ್ಟ ವರ್ಷ ಊರಿಗೂರೇ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತದೆ, ಬೆಂಚುಗಳು ಖಾಲಿಯಾಗುತ್ತವೆ. ಮಗಳ ಓದು ಬಿಡಿಸಿ ಕರೆದೊಯ್ಯುವ ಅಪ್ಪ ತಪ್ಪು ಮಾಡಿದನೇ? ಈ ಚರ್ಚೆ ವಾರಗಟ್ಟಲೆ ನಡೆಯಿತು. ಅಪ್ಪನನ್ನು ಬೈದು ಪ್ರಯೋಜನವಿಲ್ಲ, ವಲಸೆ ಹೋದವರ ಮಕ್ಕಳಿಗೆ ಸುಗ್ಗಿ ಮುಗಿಯುವತನಕ ಊರಲ್ಲೇ ಹಾಸ್ಟೆಲ್ ನಡೆಸಬೇಕೆಂದು ಕೇಳೋಣ ಎಂದಳು ಒಬ್ಬಳು. ಅರ್ಜಿಯನ್ನು ಮಕ್ಕಳೇ ಬರೆದರು, ಕನ್ನಡದಲ್ಲೊಂದು, ತೆಲುಗಿನಲ್ಲೊಂದು.