ಹೆಸರೊಬ್ಬರದು, ಅಧಿಕಾರವೊಬ್ಬರದು

ಎರಡು ವರ್ಷಗಳ ಕೆಳಗೆ, ಹಳ್ಳಿಯಲ್ಲಿರುವ ನಮ್ಮ ಹಿರಿಯರ ಮನೆಯ ಖಾತೆಯ ವಿಷಯವಾಗಿ ನಾವು ಅಲ್ಲಿಯ ಗ್ರಾಮ ಪಂಚಾಯತಿಯ ಕಚೇರಿಗೆ ಹೋಗಬೇಕಾಗಿ ಬಂದಿತು. ಕಚೇರಿಯ ಗೋಡೆಯ ಮೇಲೆ ಅಧ್ಯಕ್ಷರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದ್ದರು. ಅದು ಒಬ್ಬ ಹೆಣ್ಣುಮಗಳ ಹೆಸರು. ಓದಿ ನಮಗೆ ಸಂತೋಷವೇ ಆಯಿತು. ಆದರೆ ಒಳಗೆ ಹೋಗಿ ನೋಡಿದರೆ, ಅಧ್ಯಕ್ಷರ ಕುರ್ಚಿಯಲ್ಲಿ ಗಂಡಸೊಬ್ಬರು ಕುಳಿತು, ಬಂದವರ ಅರ್ಜಿಗಳನ್ನು ತೆಗೆದುಕೊಳ್ಳುತ್ತಲೂ, ಮೊಬೈಲಿನಲ್ಲಿ ಯಾರನ್ನೋ ಗದರಿಸುತ್ತಲೂ ಇದ್ದರು. "ಅಧ್ಯಕ್ಷರು ಎಲ್ಲಿ?" ಎಂದು ಕೇಳಿದೆವು. "ಅವರ ಯಜಮಾನರು ನಾನೇ. ಏನಾಗಬೇಕಿತ್ತು, ಹೇಳಿ" ಎಂಬ ಉತ್ತರ ದೊರೆಯಿತು. ನಿಜವಾದ ಅಧ್ಯಕ್ಷರು ಬಾಗಿಲ ಬಳಿಯ ಬೆಂಚಿನ ಮೇಲೆ, ಸೆರಗನ್ನು ಹೊದ್ದು, ತಮ್ಮ ಸಹಿ ಬೇಕಾಗುವ ಹೊತ್ತನ್ನು ಕಾಯುತ್ತ ಕುಳಿತಿದ್ದರು. ಕಾಗದಗಳು ಬಂದವು, ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿದರು. ಅದರಲ್ಲೇನು ಬರೆದಿದೆಯೆಂದು ಆಕೆ ಕೇಳಲಿಲ್ಲ. ಇವರು ಹೇಳಲೂ ಇಲ್ಲ.

ನಮ್ಮ ಕೆಲಸವೇನೋ ಆಯಿತು. ಕುರ್ಚಿಯಲ್ಲಿದ್ದವರಿಗೆ ಕೈಮುಗಿದು ಹೊರಟೆವು. ಬೆಂಚಿನ ಮೇಲಿದ್ದ ಅಧ್ಯಕ್ಷರಿಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲವೆಂಬುದು ಬಸ್ಸು ಹತ್ತಿದ ಮೇಲೆಯೇ ನಮ್ಮ ನೆನಪಿಗೆ ಬಂದುದು.

ಈ ಸಂಗತಿಯಲ್ಲಿ ಹೊಸದೇನಿದೆಯೆಂದು ವಾಚಕರು ಕೇಳಬಹುದು. ಹೊಸದೇನೂ ಇಲ್ಲ, ಆದುದರಿಂದಲೇ ಇದನ್ನು ಬರೆಯುತ್ತಿದ್ದೇವೆ. ದಿನವೂ ಕಾಣುವ ಅನ್ಯಾಯವು ಕಣ್ಣಿಗೆ ಅಭ್ಯಾಸವಾಗಿ, ಕೊನೆಗೆ ಅನ್ಯಾಯವೆಂದೇ ತೋರದೆ ಹೋಗುತ್ತದೆ. 2025ರ ಮಾರ್ಚ್ ತಿಂಗಳಲ್ಲಿ ಛತ್ತೀಸಗಢದ ಕಬೀರಧಾಮ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಚುನಾಯಿತರಾದ ಆರು ಮಂದಿ ಸ್ತ್ರೀಯರ ಬದಲಾಗಿ ಅವರ ಗಂಡಂದಿರೇ ಸಾಲಾಗಿ ನಿಂತು ಪ್ರಮಾಣವಚನ ಸ್ವೀಕರಿಸಿದರು. ಆ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿ ದೇಶವೆಲ್ಲ ನಕ್ಕಿತು. ಪಂಚಾಯತಿಯ ಕಾರ್ಯದರ್ಶಿಯನ್ನು ಕೆಲಸದಿಂದ ಅಮಾನತಿನಲ್ಲಿಟ್ಟರು. ಆದರೆ ಅಲ್ಲಿ ಬಹಿರಂಗವಾಗಿ ನಡೆದುದು ಬೇರೆ ಕಡೆಗಳಲ್ಲಿ ಮರೆಯಲ್ಲಿ ನಡೆಯುತ್ತಿಲ್ಲವೇ? ಆ ಗಂಡಂದಿರನ್ನು ನೋಡಿ ನಗುವುದಕ್ಕೆ ನಮ್ಮಲ್ಲಿ ಎಷ್ಟು ಮಂದಿಗೆ ಹಕ್ಕುಂಟು?

ಸ್ತ್ರೀಯರಿಗೆ ರಾಜಕೀಯ ಸ್ಥಾನವು ನಮ್ಮ ದೇಶದಲ್ಲಿ ಒಂದೇ ದಿನದಲ್ಲಿ ದೊರೆತುದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದಾಗ ಅದರಲ್ಲಿದ್ದ 144 ಮಂದಿಯಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಮದರಾಸು ಪ್ರಾಂತದಲ್ಲಿ 1921ರಲ್ಲಿಯೂ, ಮೈಸೂರಿನಲ್ಲಿ ಅದಾದ ಸ್ವಲ್ಪ ಕಾಲಕ್ಕೂ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಿತು. ಅದೂ ಆಸ್ತಿ ಮುಂತಾದ ಯೋಗ್ಯತೆಗಳುಳ್ಳ ಕೆಲವರಿಗೆ ಮಾತ್ರ. 1926ರಲ್ಲಿ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಸ್ಪರ್ಧಿಸಿ, ಅತ್ಯಲ್ಪ ಮತಗಳ ಅಂತರದಿಂದ ಸೋತರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಬಡವ ಬಲ್ಲಿದನೆಂಬ ಭೇದವಿಲ್ಲದೆ, ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು.

ಆ ಸಮಯದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1951–52ರ ಮೊದಲ ಮಹಾಚುನಾವಣೆಗಾಗಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವವರು ಮನೆಮನೆಗೆ ಹೋದಾಗ, ಉತ್ತರದ ಕೆಲವು ಪ್ರಾಂತಗಳಲ್ಲಿ ಅನೇಕ ಸ್ತ್ರೀಯರು ತಮ್ಮ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿದರು. ಹೆಸರಿಲ್ಲದೆ ಮತವಿಲ್ಲವೆಂದು ಆಗಿನ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಗಟ್ಟಿಯಾಗಿ ನಿಂತುದರಿಂದ, ಸುಮಾರು 28 ಲಕ್ಷ ಸ್ತ್ರೀಯರು ಆ ಪಟ್ಟಿಯಿಂದ ಹೊರಗುಳಿದರು. ಕಠಿನವಾದ ತೀರ್ಮಾನವೆಂದು ಅಂದು ಕೆಲವರಿಗೆ ತೋರಿದ್ದರೆ ಆಶ್ಚರ್ಯವಿಲ್ಲ; ಆದರೆ ಅದರಿಂದ ಹಿತವೇ ಆಯಿತು. ಮುಂದಿನ ಚುನಾವಣೆಗಳ ಹೊತ್ತಿಗೆ ಆ ಸ್ತ್ರೀಯರ ಹೆಸರುಗಳು ಪಟ್ಟಿಗೆ ಬರತೊಡಗಿದವು. 1962ರಲ್ಲಿ ಲೋಕಸಭೆಯ ಚುನಾವಣೆಯಲ್ಲಿ ನೂರು ಸ್ತ್ರೀ ಮತದಾರರಲ್ಲಿ 47 ಮಂದಿಯೂ ಮತ ಹಾಕಿರಲಿಲ್ಲ; ಪುರುಷರಲ್ಲಿ 63 ಮಂದಿ ಹಾಕಿದ್ದರು. 2019ರಲ್ಲಿಯಾದರೋ ಸ್ತ್ರೀಯರ ಪ್ರಮಾಣವು ಪುರುಷರದನ್ನು ಕೂದಲೆಳೆಯಷ್ಟು ಮೀರಿತು. ಮತಗಟ್ಟೆಯ ಹೊಸ್ತಿಲನ್ನು ನಮ್ಮ ಸಹೋದರಿಯರು ದಾಟಿ ಬಂದಿದ್ದಾರೆ. ಉಳಿದಿರುವುದು ಸಭೆಯ ಹೊಸ್ತಿಲು.

ಈ ಹೊಸ್ತಿಲನ್ನು ದಾಟಿಸುವುದರಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲವೆಂಬುದು ನಮಗೆ ಅಭಿಮಾನದ ವಿಷಯ. ಪಂಚಾಯತಿಗಳಲ್ಲಿ ನಾಲ್ಕರಲ್ಲೊಂದು ಸ್ಥಾನವನ್ನು ಸ್ತ್ರೀಯರಿಗೆ ಮೀಸಲಾಗಿಡುವ ಕಾಯಿದೆಯನ್ನು ಕರ್ನಾಟಕವು 1983ರಲ್ಲಿಯೇ ಮಾಡಿ, 1987ರ ಚುನಾವಣೆಯಲ್ಲಿ ಅದನ್ನು ಆಚರಣೆಗೆ ತಂದಿತು. ಭಾರತಕ್ಕೆಲ್ಲ ಅನ್ವಯಿಸುವಂತೆ ಮೂರರಲ್ಲೊಂದು ಸ್ಥಾನವನ್ನು ಮೀಸಲಿಟ್ಟ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದುದು 1993ರಲ್ಲಿ. ಕರ್ನಾಟಕವು 2010ರಲ್ಲಿ ಈ ಪ್ರಮಾಣವನ್ನು ಅರ್ಧಕ್ಕೆ ಏರಿಸಿತು.

ಆದರೆ ಹಳ್ಳಿಯಲ್ಲಿ ಅರ್ಧವನ್ನು ಕೊಟ್ಟವರು ರಾಜಧಾನಿಯಲ್ಲಿ ಎಷ್ಟನ್ನು ಕೊಟ್ಟರು? 2023ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಆರಿಸಿ ಬಂದ ಸ್ತ್ರೀಯರು ಕೇವಲ 10 ಮಂದಿ. 1972ರಷ್ಟು ಹಿಂದೆಯೇ ಕೆ. ಎಸ್. ನಾಗರತ್ನಮ್ಮನವರನ್ನು ಸಭಾಧ್ಯಕ್ಷರ ಪೀಠದಲ್ಲಿ ಕೂರಿಸಿದ ಸಭೆ ಇದು! 2024ರಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ ಸ್ತ್ರೀಯರಿಗೆ ದೊರೆತವು 74. ಶಾಸನಸಭೆಗಳಲ್ಲಿ ಮೂರರಲ್ಲೊಂದನ್ನು ಮೀಸಲಿಡುವ ಮಸೂದೆಯನ್ನು ಮೊದಲು ಮಂಡಿಸಿದುದು 1996ರಲ್ಲಿ, ನಮ್ಮವರೇ ಆದ ದೇವೇಗೌಡರ ಸರಕಾರ. ಅದು ಹಲವು ಲೋಕಸಭೆಗಳ ಕಾಲದಲ್ಲಿ ಬಿದ್ದು ಎದ್ದು, 27 ವರ್ಷಗಳ ತರುವಾಯ 2023ರ ಸೆಪ್ಟೆಂಬರಿನಲ್ಲಿ 106ನೆಯ ತಿದ್ದುಪಡಿಯಾಗಿ ಅಂಗೀಕಾರವಾಯಿತು. ಲೋಕಸಭೆಯಲ್ಲಿ ಅದಕ್ಕೆ ವಿರೋಧವಾಗಿ ಬಿದ್ದ ಮತಗಳು ಎರಡೇ ಎರಡು. ಅಂಗೀಕರಿಸಿದ ಕೈಗಳೇ ಅದಕ್ಕೊಂದು ಬೀಗವನ್ನೂ ಹಾಕಿದವು: ಮುಂದಿನ ಜನಗಣತಿಯಾಗಿ, ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆಯೇ ಮೀಸಲಾತಿ ಬರತಕ್ಕದ್ದೆಂದು ಆಗ ಗೊತ್ತುಮಾಡಿದರು. ಊಟಕ್ಕೆ ಕರೆದು, ಎಲೆಯನ್ನು ಹಾಕಿ, ಬಾಳೆಯ ಗಿಡವನ್ನು ಈಗ ನೆಡುತ್ತೇವೆ ಎಂದಂತಾಯಿತು.

ಇನ್ನೊಂದು ಬಗೆಯ ಬೀಗವುಂಟು. ಅದು ಚುನಾವಣೆಯನ್ನೇ ನಡೆಯಿಸದಿರುವುದು. ಐದು ವರ್ಷಗಳ ಅವಧಿ ಮುಗಿಯುವುದರೊಳಗಾಗಿ ಪಂಚಾಯತಿಗೆ ಚುನಾವಣೆಯಾಗಬೇಕೆಂದು ಸಂವಿಧಾನವು ವಿಧಿಸಿದೆ. ಹೀಗಿದ್ದರೂ 2016ರಲ್ಲಿ ಆರಿಸಿಬಂದ ನಮ್ಮ ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ, ನಾಲ್ಕು ವರ್ಷಗಳು ಕಳೆದರೂ ಚುನಾವಣೆ ನಡೆಯಲಿಲ್ಲ. ಒಂದು ಪಕ್ಷದ ಸರಕಾರ ಹೋಗಿ ಇನ್ನೊಂದು ಪಕ್ಷದ ಸರಕಾರ ಬಂದರೂ ಈ ವಿಷಯದಲ್ಲಿ ಭೇದವೇನೂ ಕಾಣಲಿಲ್ಲ. ಇಲ್ಲದ ಸಭೆಯಲ್ಲಿ ಅರ್ಧದಷ್ಟು ಮೀಸಲಾತಿ ಇದ್ದರೆ ಅದರಿಂದ ಯಾರಿಗೆ ಏನು ಬಂದಂತಾಯಿತು?

ಸ್ತ್ರೀಯರಿಗೆ ಆಡಳಿತದ ಅನುಭವವಿಲ್ಲ, ಗಂಡನಾದವನು ನೆರವಾದರೆ ತಪ್ಪೇನು, ಎಂದು ಹೇಳುವವರಿದ್ದಾರೆ. ಈ ಮಾತನ್ನು ನಾವು ಸುಮ್ಮನೆ ತಳ್ಳಿಹಾಕುವುದಿಲ್ಲ. ಕಚೇರಿ ದೂರವಿರಬಹುದು, ಸಭೆ ಮುಗಿಯುವಾಗ ಕತ್ತಲಾಗಬಹುದು, ಓದು ಬರಹ ಕಡಮೆಯಿರಬಹುದು. ಜೊತೆಗೆ ಬರುವುದು, ತಿಳಿಯದುದನ್ನು ತಿಳಿಯಹೇಳುವುದು ನೆರವೇ ಸರಿ. ಆದರೆ ಕುರ್ಚಿಯಲ್ಲಿ ತಾನು ಕುಳಿತು ಆಕೆಯನ್ನು ಬೆಂಚಿಗೆ ಕಳುಹಿಸುವುದನ್ನು ನೆರವೆಂದು ಕರೆಯುವುದು ಹೇಗೆ? ಮಗುವಿಗೆ ನಡೆಯಲು ಬರುವುದಿಲ್ಲವೆಂದು ಸದಾ ಕಂಕುಳಲ್ಲಿ ಎತ್ತಿಕೊಂಡಿದ್ದರೆ ಅದು ನಡೆಯುವುದನ್ನು ಕಲಿಯುವುದೆಂದು? ಮೊದಲ ಬಾರಿಗೆ ಆರಿಸಿಬಂದ ಗಂಡಸಿಗಾದರೂ ಅನುಭವವೆಲ್ಲಿಂದ ಬಂದಿತ್ತು? ಅವನು ತಪ್ಪುಮಾಡುತ್ತ ಕಲಿತನು. ಅದಕ್ಕೆ ಊರೆಲ್ಲ ಸಹಿಸಿಕೊಂಡಿತು.

ಇದರಲ್ಲಿ ಅಪಾಯವೂ ಇದೆಯೆಂಬುದನ್ನು ಗೃಹಸ್ಥರು ಯೋಚಿಸಬೇಕು. ಕಾಗದದ ಮೇಲಿರುವ ಸಹಿ ಹೆಂಡತಿಯದು. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನೋಟೀಸು ಬರುವುದು ಆಕೆಯ ಹೆಸರಿಗೆ. ಯಜಮಾನರು ಕೊಟ್ಟ ಮಾತಿಗೆ, ಯಜಮಾನರು ಮಾಡಿಸಿದ ಕಾಮಗಾರಿಗೆ, ಓದದೆ ರುಜುಮಾಡಿದ ತಾಯಿ ಉತ್ತರ ಹೇಳಬೇಕಾಗುತ್ತದೆ. ಅಧಿಕಾರದ ಸುಖ ಒಬ್ಬರಿಗೆ, ಹೊಣೆಯ ಭಾರ ಇನ್ನೊಬ್ಬರಿಗೆ! ಇದನ್ನು ದಾಂಪತ್ಯಧರ್ಮವೆಂದು ಯಾರೂ ಹೇಳಲಾರರು. ಈ ದುರಭ್ಯಾಸವನ್ನು ತಡೆಯುವ ಬಗೆಯನ್ನು ಸೂಚಿಸಲು ಕೇಂದ್ರದ ಪಂಚಾಯತ್ ರಾಜ್ ಮಂತ್ರಾಲಯವು 2023ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಹೀಗೆ ಅಧಿಕಾರ ನಡೆಯಿಸುವವರಿಗೆ ತಕ್ಕ ದಂಡನೆಯಾಗಬೇಕೆಂದು ಅದರ ವರದಿ 2025ರಲ್ಲಿ ಹೇಳಿತು. ದಂಡನೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಮನೆಯಲ್ಲಿ ಬೆಳಗ್ಗೆ ನಡೆಯುವ ಮಾತುಕತೆಯನ್ನು ಯಾವ ಅಧಿಕಾರಿ ಬಂದು ನೋಡಬಲ್ಲನು?

ಸ್ತ್ರೀಯರು ನಿಜವಾಗಿ ಅಧಿಕಾರ ನಡೆಯಿಸಿದ ಕಡೆಗಳಲ್ಲಿ ಏನಾಯಿತೆಂಬುದನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಹಳ್ಳಿಗಳನ್ನು ಪರೀಕ್ಷಿಸಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಎಂಬವರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಧ್ಯಕ್ಷಸ್ಥಾನವು ಸ್ತ್ರೀಯರಿಗೆ ಮೀಸಲಾದ ಪಂಚಾಯತಿಗಳಲ್ಲಿ ಕುಡಿಯುವ ನೀರಿನ ಕೆಲಸಗಳು ಹೆಚ್ಚಾಗಿ ನಡೆದವು. ಇದರಲ್ಲಿ ಆಶ್ಚರ್ಯವೇನು? ಬಿಂದಿಗೆ ಹೊತ್ತವರಿಗೆ ಬಾವಿಯ ದೂರ ತಿಳಿದಿರುತ್ತದೆ. ಬಂಗಾಳದ ಹಳ್ಳಿಗಳನ್ನೇ ಕುರಿತು 2012ರಲ್ಲಿ ಹೊರಬಂದ ಇನ್ನೊಂದು ಅಧ್ಯಯನವು, ಎರಡು ಅವಧಿಗಳು ಸ್ತ್ರೀಯರು ಅಧ್ಯಕ್ಷರಾಗಿದ್ದ ಊರುಗಳಲ್ಲಿ ತಂದೆತಾಯಿಗಳು ಹೆಣ್ಣುಮಕ್ಕಳ ಭವಿಷ್ಯದ ವಿಷಯದಲ್ಲಿಟ್ಟುಕೊಂಡ ಆಸೆಯು ಹೆಚ್ಚಿತೆಂದೂ, ಓದಿನಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಸಮನಾದರೆಂದೂ ತೋರಿಸಿತು. ಕುರ್ಚಿಯಲ್ಲಿ ಕುಳಿತ ಒಬ್ಬ ಹೆಂಗಸನ್ನು ನೋಡಿ, ಊರಿನ ಬಾಲೆಯರು ತಮ್ಮ ಕಾಲು ಎಲ್ಲಿಯವರೆಗೆ ನಡೆಯಬಹುದೆಂಬುದನ್ನು ಕಲಿಯುತ್ತಾರೆ. ಹಾಗಾದರೆ ಬೆಂಚಿನ ಮೇಲೆ ಕುಳಿತ ಹೆಂಗಸನ್ನು ನೋಡಿ ಏನನ್ನು ಕಲಿಯುವರು?

"ಮನೆ ಗೆದ್ದು ಮಾರು ಗೆಲ್ಲು" ಎಂಬ ಗಾದೆಯನ್ನು ನಾವು ಬೇರೆಯವರಿಗೆ ಹೇಳುತ್ತೇವೆ. ನಮ್ಮ ಮನೆಯ ವಿಷಯವನ್ನೂ ಮುಚ್ಚಿಡದೆ ಹೇಳುವುದು ಯುಕ್ತವಷ್ಟೆ. 2013ರ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಸ್ತ್ರೀಯನ್ನೇ ಯಜಮಾನಿಯೆಂದು ಎಣಿಸಿತು. 2023ರಲ್ಲಿ ಆರಂಭವಾದ ಗೃಹಲಕ್ಷ್ಮೀ ಯೋಜನೆಯ ತಿಂಗಳ 2,000 ರೂಪಾಯಿಯನ್ನೂ ಮನೆಯ ಯಜಮಾನಿಯ ಹೆಸರಿಗೇ ಕೊಡಮಾಡಿದರು. ಯಜಮಾನಿಯೆಂಬ ಮಾತು ಸರಕಾರದ ಕಾಗದಕ್ಕೆ ಬಂದಿದೆ. ನಮ್ಮ ಬಾಯಿಗೆ ಬಂದಿದೆಯೇ? 2025ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕಿಯೊಬ್ಬರು ನಮ್ಮ ಬಾಗಿಲಿಗೆ ಬಂದರು. ಪ್ರಶ್ನೆಗಳನ್ನು ಅವರು ನಮ್ಮ ಮನೆಯವರಿಗೆ ಕೇಳಿದರು. ಉತ್ತರಗಳನ್ನು ನಾವು ಹೇಳಿದೆವು. ಅವರ ಓದನ್ನು ನಾವೇ ಹೇಳಿದೆವು. ಅವರ ಉದ್ಯೋಗವನ್ನೂ ನಾವೇ ಹೇಳಿದೆವು. ಶಿಕ್ಷಕಿ ಹೊರಟುಹೋದ ಮೇಲೆ ನಮ್ಮ ಮನೆಯವರು, "ಎಲ್ಲವನ್ನೂ ನೀವೇ ಹೇಳಿದಿರಿ. ನನ್ನ ಹೊಲಿಗೆಯ ಕೆಲಸವನ್ನು ಮಾತ್ರ ಬರೆಯಿಸಲಿಲ್ಲ" ಎಂದರು. ಹನ್ನೊಂದು ವರ್ಷಗಳಿಂದ ಆ ಹೊಲಿಗೆಯ ಯಂತ್ರದ ಸದ್ದನ್ನು ಕೇಳುತ್ತ ಬಂದವರು ನಾವು. ಆ ದಿನ ಪಂಚಾಯತಿಯ ಕುರ್ಚಿಯಲ್ಲಿ ಕುಳಿತಿದ್ದ ಯಜಮಾನರಿಗೂ ನಮಗೂ ಏನು ವ್ಯತ್ಯಾಸವೆಂದು ನಮ್ಮನ್ನು ನಾವೇ ಕೇಳಿಕೊಂಡೆವು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವು ದೊಡ್ಡದೇನೂ ಅಲ್ಲ. ತಮ್ಮ ಮನೆಯಿಂದ ಒಬ್ಬ ಸ್ತ್ರೀ ಸದಸ್ಯೆಯಾಗಿದ್ದರೆ, ಸಭೆಯ ದಿನ ಅಡಿಗೆಯನ್ನೂ ಮಕ್ಕಳನ್ನೂ ತಾವು ನೋಡಿಕೊಂಡು ಆಕೆಯನ್ನು ಹೊತ್ತಿಗೆ ಸರಿಯಾಗಿ ಕಳುಹಿಸಲಿ. ಯಾವ ಕಾಗದವನ್ನೂ ಆಕೆ ಓದದೆ, ಓದಿಸಿ ಕೇಳದೆ, ರುಜುಮಾಡದಂತೆ ನೋಡಿಕೊಳ್ಳಲಿ. ಕೆಲಸಕ್ಕಾಗಿ ಕಚೇರಿಗೆ ಹೋದವರು ಅಧ್ಯಕ್ಷರನ್ನೇ ಹುಡುಕಿ ಅವರೊಡನೆಯೇ ಮಾತನಾಡಲಿ. ಹತ್ತು ಮಂದಿ ಹಾಗೆ ಮಾಡಿದರೆ ಕುರ್ಚಿಯಲ್ಲಿರುವ ಯಜಮಾನರು ತಾವಾಗಿಯೇ ಏಳುವರು. ಸಹೋದರಿಯರೂ, ತಿಳಿಯದುದನ್ನು ಕೇಳುವುದಕ್ಕೆ ನಾಚದಿರಲಿ.

ದೇಶದ ಜನಗಣತಿಯನ್ನು 2027ರ ಮಾರ್ಚ್ 1ನ್ನು ಆಧಾರದಿನವಾಗಿ ಇಟ್ಟುಕೊಂಡು ನಡೆಸುವುದಾಗಿ 2025ರಲ್ಲಿ ಸರಕಾರವು ಪ್ರಕಟಿಸಿತು. ಗಣತಿಯವರು ಬಂದು ನಮ್ಮ ಮನೆಯವರ ಹೆಸರನ್ನೂ ಉದ್ಯೋಗವನ್ನೂ ಕೇಳಿದಾಗ ನಾವು ಬಾಯಿ ತೆರೆಯಬಾರದೆಂದು ನಿಶ್ಚಯಿಸಿದ್ದೇವೆ. ಆ ಹೊತ್ತಿಗೆ ಒಳಗೆ ಹೋಗಿ, ಬಂದವರಿಗೆ ಕಾಫಿ ಮಾಡಿ ತರುವುದು ನಮ್ಮ ಪಾಲಿನ ಕೆಲಸ.